ಬ್ರಾಂದಿ ಅಂಗಡಿ ಬೇಡವೆಂದು ಸಹಿ ಹಾಕಿಸಿ ಊರಲ್ಲಿ ಮತದಾನ ಮಾಡಿಸಬಹುದೇ?

ಕಾಫಿತೋಟದ_ಹಾದಿ (ಪ್ರಶ್ನೆ)

ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ. ಬೇರೆ ಕಡೆ ಇದ್ದ ವೈನ್ ಸ್ಟೋರ್ ಸನ್ನದನ್ನು (ಲೈಸೆನ್ಸ್) ನಮ್ಮ ಊರಿಗೆ ಸ್ಥಳಾಂತರ ಮಾಡುವ ಅರ್ಜಿ ಅಬಕಾರಿ ಇಲಾಖೆಯಲ್ಲಿದೆ. ಜಾಗ ಇರುವುದು ಬಸ್ ನಿಲ್ಲುವಲ್ಲಿ. ಹತ್ತಿರದಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆ, ಒಂದು ದೇವಸ್ಥಾನ. ಸ್ತ್ರೀಶಕ್ತಿ ಸಂಘದವರು ಸಹಿ ಸಂಗ್ರಹಕ್ಕೆ ತಯಾರಿದ್ದಾರೆ. ಮಹಾರಾಷ್ಟ್ರದಲ್ಲಿ ಹೆಂಗಸರು ಸಹಿ ಕೊಟ್ಟು ಮತದಾನ ಮಾಡಿಸಿ ಅಂಗಡಿ ಮುಚ್ಚಿಸಿದ್ದಾರೆಂದು ಕೇಳಿದ್ದೇವೆ. ನಮ್ಮಲ್ಲಿಯೂ ಹಾಗೆ ಆಗುತ್ತದೆಯೇ? ಎಷ್ಟು ಸಹಿ ಬೇಕು, ಯಾರಿಗೆ ಕೊಡಬೇಕು? ಪಟ್ಟಿಯಲ್ಲಿರುವ ಮತದಾರರು ಸುಮಾರು 3,640. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಡವಳಿಪುಸ್ತಕ

ಮೊದಲು ನೇರ ಉತ್ತರ: ಕರ್ನಾಟಕದಲ್ಲಿ ಸಹಿ ಕೊಟ್ಟು ಮತಪೆಟ್ಟಿಗೆ ತರಿಸುವ ಕಾನೂನು ಇಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ತಹಶೀಲ್ದಾರರ ಕಚೇರಿಗೆ ಸುಮ್ಮನೆ ಅಲೆಯುವುದು ತಪ್ಪುತ್ತದೆ. ರಾಜ್ಯ ಚುನಾವಣಾ ಆಯೋಗಕ್ಕೆ ಸಂವಿಧಾನದ 243ಕೆ ವಿಧಿ ಕೊಟ್ಟಿರುವ ಕೆಲಸ ಎರಡೇ: ಪಂಚಾಯಿತಿ ಚುನಾವಣೆಯ ಮತದಾರರ ಪಟ್ಟಿ ಮಾಡಿಸುವುದು, ಆ ಚುನಾವಣೆ ನಡೆಸುವುದು. ಒಂದು ಪ್ರಶ್ನೆಯನ್ನು ಊರಿನ ಮುಂದಿಟ್ಟು ಹೌದು-ಇಲ್ಲ ಎಂದು ಮತ ಹಾಕಿಸುವ ಅಧಿಕಾರ ಅದರಲ್ಲಿ ಬರುವುದಿಲ್ಲ. ತಹಶೀಲ್ದಾರರಿಗೂ ಇಲ್ಲ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಇಲ್ಲ.

ಮಹಾರಾಷ್ಟ್ರದ ಮಾತು ನಿಜ, ಆದರೆ ಅಲ್ಲಿ ಅದಕ್ಕೆಂದೇ 2008ರಲ್ಲಿ ಪ್ರತ್ಯೇಕ ಆದೇಶ ಬಂದಿದೆ. ಊರಿನ ಒಟ್ಟು ಮತದಾರರಲ್ಲಿ ಅಥವಾ ಮಹಿಳಾ ಮತದಾರರಲ್ಲಿ ಶೇ. 25 ಜನ ಸಹಿ ಮಾಡಿ ಕೊಡಬೇಕು. ಇಲಾಖೆ ಆ ಸಹಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತದೆ, ಆಮೇಲೆ ಗುಪ್ತ ಮತದಾನ. ಮತಪತ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ ಎಂದು ಎರಡು ಚಿತ್ರ. ಅಂಗಡಿ ಮುಚ್ಚಬೇಕೆನ್ನುವವರು ಮಲಗಿದ ಬಾಟಲಿಗೆ ಒತ್ತಬೇಕು. ಎಷ್ಟೋ ಊರುಗಳು ಸೋಲುವುದು ಇಲ್ಲೇ: ಬಂದು ಹಾಕಿದ ಮತದಲ್ಲಿ ಅರ್ಧಕ್ಕಿಂತ ಹೆಚ್ಚಾದರೆ ಸಾಲದು, ಪಟ್ಟಿಯಲ್ಲಿರುವ ಒಟ್ಟು ಹೆಸರಿನ ಅರ್ಧಕ್ಕಿಂತ ಹೆಚ್ಚು ಬೇಕು. ಮನೆಯಲ್ಲಿ ಉಳಿದವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಪಟ್ಟಿಯಿಂದ ತೆಗೆಯದೆ ಉಳಿದ ಸತ್ತವರ ಹೆಸರು, ಎಲ್ಲವೂ ಅಂಗಡಿಯ ಪರವಾಗಿಯೇ ಲೆಕ್ಕವಾದಂತೆ. ರಾಜಸ್ಥಾನದಲ್ಲಿ 1975ರ ಅಬಕಾರಿ ನಿಯಮಗಳ ಅಡಿ ಇಂಥದ್ದೇ ವ್ಯವಸ್ಥೆ ಇದೆ. ಶೇ. 20 ಮತದಾರರ ಅರ್ಜಿ, ಆಮೇಲೆ ಶೇ. 51 ಮತ. 2016ರಲ್ಲಿ ರಾಜಸಮಂದ ಜಿಲ್ಲೆಯ ಕಛಬಲಿ ಎಂಬ ಊರು ಹೀಗೆ ಮತ ಹಾಕಿ ಅಂಗಡಿ ಮುಚ್ಚಿಸಿತು.

ನಮ್ಮಲ್ಲಿ ಸಹಿಗೆ ಇರುವ ಕಾನೂನಿನ ಬಲ ಬೇರೆ ಕಡೆ ಇದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಗ್ರಾಮಸಭೆಯ ಭಾಗ ತೆರೆದು ನೋಡಿ. ಗ್ರಾಮಸಭೆಯ ಸದಸ್ಯರಲ್ಲಿ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಜನ, ಚರ್ಚೆಯ ವಿಷಯವನ್ನು ಅರ್ಜಿಯಲ್ಲೇ ನಮೂದಿಸಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು. ಒಂದು ವಿಶೇಷ ಸಭೆಗೂ ಮತ್ತೊಂದಕ್ಕೂ ನಡುವೆ ಕನಿಷ್ಠ 3 ತಿಂಗಳ ಅಂತರ ಇರಬೇಕು. ಗ್ರಾಮಸಭೆಯ ಸದಸ್ಯರೆಂದರೆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ. ನಿಮ್ಮ ಲೆಕ್ಕದಲ್ಲಿ 364 ಸಹಿ. ಆ ಮೂರು ತಿಂಗಳ ಅಂತರ ಇರುವುದರಿಂದ ಮೊದಲ ಸಭೆ ಕೆಡಬಾರದು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲದೆಯೋ ವಿಷಯ ತಪ್ಪಿಯೋ ಹೋದರೆ, ಮತ್ತೆ ಕರೆಸುವಷ್ಟರಲ್ಲಿ ಸ್ಥಳಾಂತರದ ಆದೇಶ ಆಗಿಹೋಗಿರುತ್ತದೆ.

ಹೇಮಾವತಿ_ತೀರ

364 ಬೇಕು ಅಂತ 364ಕ್ಕೇ ನಿಲ್ಲಿಸಬೇಡಿ. 460 ಹಾಕಿಸಿ. ಪರಿಶೀಲನೆಯಲ್ಲಿ ಐದರಲ್ಲಿ ಒಂದು ಬಿದ್ದುಹೋದರೂ 368 ನಿಲ್ಲುತ್ತದೆ. ಸಹಿ ಬೀಳುವುದಕ್ಕೆ ಕಾರಣ ಯಾವಾಗಲೂ ಅವೇ.

ಮೊದಲನೆಯದು ಪಟ್ಟಿ. ವಿಧಾನಸಭೆ ಪಟ್ಟಿಯ ಭಾಗ ಸಂಖ್ಯೆ, ಪಂಚಾಯಿತಿ ಪಟ್ಟಿಯ ವಾರ್ಡ್ ಸಂಖ್ಯೆ ಬೇರೆ ಬೇರೆ. ನೀವು ಹಿಡಿಯಬೇಕಾದ್ದು ಪಂಚಾಯಿತಿ ಪಟ್ಟಿಯನ್ನು, ವಾರ್ಡ್ ಪ್ರಕಾರ. ಮಲೆನಾಡಲ್ಲಿ ಒಂದೇ ತೋಟದ ಲೈನ್ ಮನೆಗಳು (ತೋಟದ ಕೆಲಸಗಾರರ ಸಾಲುಮನೆಗಳು) ಎರಡು ವಾರ್ಡಿಗೆ ಹಂಚಿಹೋಗಿರುವುದುಂಟು. ಪಟ್ಟಿಯ ಪ್ರತಿ ಪಂಚಾಯಿತಿಯಲ್ಲಿ ಸಿಗುತ್ತದೆ. ಸಹಿಗೆ ಹೊರಡುವ ಮೊದಲೇ ಅದರಲ್ಲಿ ಗುರುತು ಹಾಕಿಕೊಂಡು ಹೋಗಿ, ವಾಪಸ್ ಬಂದಮೇಲೆ ಹುಡುಕುವುದು ಮೂರು ಪಟ್ಟು ಕೆಲಸ.

ಹಾಳೆ ಹೀಗಿರಲಿ. ಪ್ರತಿ ಹಾಳೆಯ ತಲೆಯಲ್ಲಿ ಪೂರ್ತಿ ವಿಷಯ ಅಚ್ಚಾಗಿರಬೇಕು. ಮೊದಲ ಹಾಳೆಯಲ್ಲಿ ಮಾತ್ರ ವಿಷಯ ಬರೆದು ಉಳಿದವನ್ನು ಖಾಲಿ ತಲೆಯಲ್ಲಿ ಬಿಟ್ಟರೆ, "ಯಾತಕ್ಕೆ ಸಹಿ ಅಂತ ನಮಗೆ ಗೊತ್ತಿರಲಿಲ್ಲ" ಎಂದು ನಾಲ್ಕು ಜನರಿಂದ ಬರೆಸಿಕೊಂಡು ಬರುವುದು ಎದುರಿನವರಿಗೆ ಸುಲಭ. ಕೆಳಗೆ ಕಂಬಸಾಲು: ಕ್ರಮ ಸಂಖ್ಯೆ, ವಾರ್ಡ್, ಪಟ್ಟಿಯ ಕ್ರಮ ಸಂಖ್ಯೆ, ಹೆಸರು ಪಟ್ಟಿಯಲ್ಲಿ ಇರುವಂತೆಯೇ, ಊರು ಅಥವಾ ಲೈನ್, ಸಹಿ, ದಿನಾಂಕ. ಹಾಳೆಗೆ 20 ಸಾಲು ಸಾಕು, 460ಕ್ಕೆ 23 ಹಾಳೆ. ಪ್ರತಿ ಹಾಳೆಗೂ "23ರಲ್ಲಿ 1", "23ರಲ್ಲಿ 2" ಎಂದು ನಂಬರು ಹಾಕಿ, ಇಲ್ಲವಾದರೆ ನಡುವೆ ಒಂದು ಹಾಳೆ ಕಳೆದದ್ದೂ ಗೊತ್ತಾಗುವುದಿಲ್ಲ. ಆಧಾರ್ ನಂಬರು, ಫೋನ್ ನಂಬರು ಬರೆಸಬೇಡಿ. ಕಾನೂನು ಕೇಳುವುದಿಲ್ಲ, ಅದರ ನಕಲು ಯಾರ ಯಾರ ಕೈಗೆ ಹೋಗುತ್ತದೋ ಹೇಳಲಾಗದು.

ಹೆಬ್ಬೆಟ್ಟು ಒತ್ತುವವರಿದ್ದರೆ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ "ಇವರ ಹೆಬ್ಬೆಟ್ಟು ಗುರುತು" ಎಂದು ಬರೆದು ಸಾಕ್ಷಿ ಸಹಿ. ಇದೊಂದನ್ನು ಬಿಟ್ಟದ್ದಕ್ಕೇ ವಯಸ್ಸಾದವರ ಸಹಿ ಸಾಲುಸಾಲಾಗಿ ಹೋಗುತ್ತದೆ. ಮನೆಯ ಒಬ್ಬರೇ ಎಲ್ಲರ ಪರ ಸಹಿ ಮಾಡುವುದಂತೂ ಬೇಡವೇ ಬೇಡ. ಒಂದೇ ಕೈಬರಹದ ನಾಲ್ಕು ಸಹಿ ಕಂಡರೆ ಇಡೀ ಹಾಳೆಯ ಮೇಲೆ ಅನುಮಾನ ಬರುತ್ತದೆ.

ಕಾಲವನ್ನೂ ನೋಡಿಕೊಳ್ಳಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಯವರು ಸಂಜೆ ಆರರ ಮೇಲೆಯೇ ಸಿಗುವುದು. ಬೇರೆ ಕಡೆಯಿಂದ ಕೊಯ್ಲಿಗೆ ಬಂದವರ ಹೆಸರು ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಅವರ ಸಹಿ ಹಾಕಿಸಬೇಡಿ, ಎಷ್ಟೇ ಮನಸ್ಸಿದ್ದರೂ.

ಕಾಫಿತೋಟದ_ಹಾದಿ

ತುಂಬಾ ಉಪಕಾರ ಇಬ್ಬರಿಗೂ. ಇನ್ನೊಂದು ಅನುಮಾನ. "ಗ್ರಾಮಸಭೆ ಆರು ತಿಂಗಳಿಗೊಮ್ಮೆ ಇದ್ದೇ ಇದೆ, ಅದರಲ್ಲೇ ಹೇಳಿ, ವಿಶೇಷ ಸಭೆ ಯಾಕೆ" ಎಂದು ಕಚೇರಿಯಲ್ಲಿ ಅಂದರೆ ಏನು ಮಾಡಬೇಕು? ಸಭೆಯ ದಿನ ಏನೇನು ನೋಡಿಕೊಳ್ಳಬೇಕು?

ನಡವಳಿಪುಸ್ತಕ

ಆರು ತಿಂಗಳ ಮಾತು ಸಾಮಾನ್ಯ ಸಭೆಗೆ. ಎರಡು ಸಭೆಗಳ ನಡುವೆ ಆರು ತಿಂಗಳು ಮೀರಬಾರದು ಎಂದು ಅದರ ಅರ್ಥ. ವಿಶೇಷ ಸಭೆಯ ಹಕ್ಕು ಅದರಿಂದ ಇಲ್ಲವಾಗುವುದಿಲ್ಲ. ಬಾಯಲ್ಲಿ ವಾದ ಮಾಡಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅರ್ಜಿ ಅಧ್ಯಕ್ಷರ ಹೆಸರಿಗೆ, ಪಿಡಿಒ ಮೂಲಕ. ಪಂಚಾಯಿತಿಯ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅವರ ಹೆಸರಿಗೆ. ಚುನಾಯಿತ ಮಂಡಳಿ ಇಲ್ಲದಿದ್ದರೂ ಗ್ರಾಮಸಭೆ ಇದ್ದೇ ಇರುತ್ತದೆ, ಏಕೆಂದರೆ ಅದರ ಸದಸ್ಯರು ನೀವೇ. ಮೂಲ ಹಾಳೆಗಳ ಜೊತೆ ಎರಡು ಸೆಟ್ ಜೆರಾಕ್ಸ್ ತೆಗೆದುಕೊಂಡು ಹೋಗಿ. ಒಂದು ಸೆಟ್ಟಿನ ಮೊದಲ ಹಾಳೆಯ ಮೇಲೆ ಕಚೇರಿ ಮೊಹರು, ದಿನಾಂಕ, ಟಪಾಲು ನಂಬರು, "ಒಟ್ಟು 23 ಹಾಳೆ" ಎಂಬ ಮಾತು, ಇಷ್ಟೂ ಬರೆಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿ, ಅಲ್ಲಿಂದ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಸಭೆ ಕರೆಯಲಾಗದು ಎಂದರೆ ಅದನ್ನು ಹಿಂಬರಹದಲ್ಲಿ, ಕಾರಣ ಬರೆದು ಕೊಡಿ ಎಂದು ಕೇಳಿ. ಬರೆದು ಕೊಡಬೇಕಾದಾಗ ಕಾನೂನು ಪುಸ್ತಕ ತೆರೆಯಲೇಬೇಕಾಗುತ್ತದೆ.

ಚುನಾವಣೆ ನೀತಿಸಂಹಿತೆ ಜಾರಿಯಲ್ಲಿರುವಾಗ ಗ್ರಾಮಸಭೆ ನಡೆಸುವುದಿಲ್ಲ. ಹತ್ತಿರದಲ್ಲಿ ಯಾವುದಾದರೂ ಚುನಾವಣೆ ಇದೆಯೇ ಎಂದು ಮೊದಲೇ ನೋಡಿಕೊಂಡು ಅರ್ಜಿ ಕೊಡಿ.

ಈಗ ಸಭೆಯ ದಿನ. ಕೋರಂ ಎಂದರೆ ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ನಿಮಗೆ 100. ಆದರೆ ಪ್ರತಿ ವಾರ್ಡಿನಿಂದ ಸಾಧ್ಯವಾದಮಟ್ಟಿಗೆ 10 ಜನ ಇರಬೇಕು, ಹೆಂಗಸರು ಶೇ. 30ಕ್ಕೆ ಕಡಿಮೆಯಾಗಬಾರದು. ಎಲ್ಲರೂ ಒಂದೇ ಊರಿನವರಾದರೆ 200 ಜನ ಬಂದರೂ ನಿರ್ಣಯದ ತೂಕ ಕಡಿಮೆ. ದೂರದ ವಾರ್ಡಿಗೆ ಒಂದು ಜೀಪು ಗೊತ್ತು ಮಾಡಿ. ಸಭೆಯ ತಿಳಿವಳಿಕೆ ಎಲ್ಲ ಊರಿಗೂ ಮುಟ್ಟಿದೆಯೇ, ಡಂಗುರ ಸಾರಿದರೇ, ನೋಟಿಸ್ ಬೋರ್ಡಿನಲ್ಲಿ ಹಚ್ಚಿದ್ದಾರೆಯೇ, ಫೋಟೊ ತೆಗೆದಿಡಿ. "ನಮಗೆ ಗೊತ್ತೇ ಇರಲಿಲ್ಲ" ಎಂಬ ತಕರಾರು ಆಮೇಲೆ ಬರುವುದು ಅಲ್ಲಿಂದಲೇ.

ವಿಷಯಪಟ್ಟಿಯ ಮೇಲೆ ಕಣ್ಣಿಡಿ. ವಿಶೇಷ ಸಭೆಯಲ್ಲಿ ಅರ್ಜಿಯ ವಿಷಯ ಮೊದಲು ಬರಬೇಕು. ಅದರ ಮುಂದೆ ವಸತಿ ಫಲಾನುಭವಿಗಳ ಆಯ್ಕೆ ಸೇರಿಕೊಂಡರೆ ಮನೆ ಪಟ್ಟಿಯ ಗದ್ದಲದಲ್ಲೇ ಮಧ್ಯಾಹ್ನ ಎರಡಾಗುತ್ತದೆ, ಮಕ್ಕಳು ಸ್ಕೂಲಿಂದ ಬರುತ್ತಾರೆಂದು ಹೆಂಗಸರು ಎದ್ದು ಹೋಗುತ್ತಾರೆ, ನಿಮ್ಮ ವಿಷಯ ಬರುವಾಗ ಮೂವತ್ತು ಜನ ಉಳಿದಿರುತ್ತಾರೆ. ಇದು ಯಾರೋ ಬೇಕೆಂದು ಮಾಡುವುದೇ ಆಗಬೇಕಿಲ್ಲ, ಆದರೆ ಪರಿಣಾಮ ಒಂದೇ.

ನಿರ್ಣಯ ಕೈ ಎತ್ತಿಸಿ ಬಹುಮತದಿಂದ. "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದು ಒಂದು ಸಾಲು ಬರೆದು ಮುಗಿಸಲು ಬಿಡಬೇಡಿ. ಎಣಿಸಲು ಹೇಳಿ, ಹಾಜರಿದ್ದವರು ಇಷ್ಟು, ಹೆಂಗಸರು ಇಷ್ಟು, ಪರ ಇಷ್ಟು, ವಿರುದ್ಧ ಇಷ್ಟು ಎಂದು ನಡವಳಿ ಪುಸ್ತಕದಲ್ಲಿ ಸಂಖ್ಯೆಯಲ್ಲೇ ಬರಲಿ. ನೋಡಲ್ ಅಧಿಕಾರಿ (ಸಭೆಗೆ ನೇಮಿಸಿದ ಅಧಿಕಾರಿ), ಅಧ್ಯಕ್ಷರು, ಪಿಡಿಒ ಸಹಿ ಅಲ್ಲೇ ಆಗಲಿ. ಜನ ಎದ್ದು ಹೋದ ಮೇಲೆ ಬರೆಯುವ ನಡವಳಿಯಲ್ಲಿ "ಅಂಗಡಿ ಬೇಡ" ಎಂಬುದು "ಪರಿಶೀಲಿಸಲು ಕೋರಲಾಯಿತು" ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ನಾಲ್ಕೈದು ದಿನ ಬಿಟ್ಟು ನಡವಳಿಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ.

ಅಳತೆಟೇಪು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಅರ್ಧ ದಾರಿ. ಸನ್ನದು ಕೊಡುವುದು, ಸ್ಥಳಾಂತರ ಮಾಡುವುದು ಪಂಚಾಯಿತಿಯಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಅಡಿ ಆ ಅಧಿಕಾರ ಅಬಕಾರಿ ಇಲಾಖೆ ಮತ್ತು ಜಿಲ್ಲಾಧಿಕಾರಿಗಳ ಕಡೆ ಇದೆ. "ಊರಿಗೆ ಬೇಡ" ಎಂಬ ನಿರ್ಣಯ ಅವರ ಮೇಜಿನ ಮೇಲೆ ಒಂದು ಅಭಿಪ್ರಾಯ ಅಷ್ಟೇ. "ನಿಯಮ ಮುರಿಯುತ್ತಿದೆ" ಎಂದು ತೋರಿಸುವ ನಿರ್ಣಯಕ್ಕೆ ಅವರು ಉತ್ತರ ಕೊಡಲೇಬೇಕು. ನನ್ನ ಪ್ರಕಾರ ಸಹಿಯಷ್ಟೇ ಶ್ರಮ ಅಳತೆಗೂ ಹಾಕಬೇಕು.

ಓದಬೇಕಾದದ್ದು 1967ರ ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳು, ನಿಯಮ 5. ಧಾರ್ಮಿಕ ಸಂಸ್ಥೆ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಅಂಗಡಿ ಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲಿ ಕೂಡದು. ಹಾಗಾಗಿ ಶಾಲೆ, ದೇವಸ್ಥಾನ ಮಾತ್ರ ನೋಡಬೇಡಿ. ಪಂಚಾಯಿತಿ ಕಚೇರಿ ಎಲ್ಲಿದೆ, ಉಪ ಆರೋಗ್ಯ ಕೇಂದ್ರ ಎಲ್ಲಿದೆ, ಗ್ರಾಮ ಆಡಳಿತಾಧಿಕಾರಿ ಕೂರುವ ಕಚೇರಿ ಎಲ್ಲಿದೆ, ಎಲ್ಲವನ್ನೂ ಅಳೆಯಿರಿ. ದೇವಸ್ಥಾನಕ್ಕೆ ದಾಖಲೆ ಜೋಡಿಸಿ, ಮುಜರಾಯಿ ಪಟ್ಟಿಯಲ್ಲಿದ್ದರೆ ಅದರ ಪ್ರತಿ.

ಅಳೆಯುವ ರೀತಿಯಲ್ಲೇ ಹೆಚ್ಚಿನ ಅರ್ಜಿ ಸೋಲುವುದು. ಮೊಬೈಲ್ ನಕ್ಷೆಯಲ್ಲಿ ಎರಡು ಚುಕ್ಕಿಗೆ ಗೆರೆ ಎಳೆದು "80 ಮೀಟರ್" ಎಂದು ಬರೆದುಕೊಡುತ್ತಾರೆ. ಇಲಾಖೆ ಅಳೆಯುವುದು ಆಕಾಶಮಾರ್ಗದಲ್ಲಿ ಅಲ್ಲ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯ ಮೇಲೆ. ಅಂಗಡಿ ಬಾಗಿಲಿನ ನಡುಮಧ್ಯದಿಂದ ಶಾಲೆಯ ಗೇಟಿನ ನಡುಮಧ್ಯಕ್ಕೆ, ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಹತ್ತಿರದ ಬಾಗಿಲಿಗೆ. ಹಾಗಾಗಿ ಗೆರೆಯಲ್ಲಿ 80 ಇದ್ದದ್ದು ದಾರಿಯಲ್ಲಿ 115 ಆಗುತ್ತದೆ. ಅಂಗಡಿಯ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿದರೂ ಹಾದಿ ಉದ್ದವಾಗುತ್ತದೆ. ಇದನ್ನು ಎದುರಿಸಲು ಒಂದೇ ದಾರಿ: ಮಕ್ಕಳು, ಊರವರು ದಿನವೂ ಬಳಸುವ ಕಾಲುದಾರಿ ಇದ್ದರೆ ಅದನ್ನು ನಕ್ಷೆಯಲ್ಲಿ ತೋರಿಸಿ, ಅದು ಗ್ರಾಮ ನಕಾಶೆಯಲ್ಲಿ ಇದ್ದರೆ ಇನ್ನೂ ಒಳ್ಳೆಯದು. 30 ಮೀಟರಿನ ಟೇಪು ತಂದು ಅಳೆಯಿರಿ, ಇಬ್ಬರು ಹಿಡಿದುಕೊಂಡು, ಒಬ್ಬರು ಬರೆದುಕೊಂಡು, ವಿಡಿಯೋ ಮಾಡಿ. ನಂತರ ತಾಲ್ಲೂಕು ಭೂಮಾಪಕರು ಮತ್ತು ಅಬಕಾರಿ ನಿರೀಕ್ಷಕರು ಒಟ್ಟಾಗಿ ಅಳೆದು ಮಹಜರು ಮಾಡಲಿ ಎಂದು ಜಿಲ್ಲಾಧಿಕಾರಿಗಳಿಗೆ ಕೋರಿಕೆ ಕೊಡಿ. ಮಹಜರಿಗೆ ಊರಿನ ಇಬ್ಬರು ಸಾಕ್ಷಿ ಇರಲಿ.

ಹೆದ್ದಾರಿಯ ಅಂತರದ ಮೇಲೆ ಮಾತ್ರ ಇಡೀ ವಾದ ನಿಲ್ಲಿಸಬೇಡಿ. ನಿಮ್ಮದು ಮೂಡಿಗೆರೆ ಕಡೆ, ರಾಷ್ಟ್ರೀಯ ಹೆದ್ದಾರಿ 73 ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಬೇಲೂರಿಗೆ ಹೋಗುತ್ತದೆ, ಹಾಗಾಗಿ ಈ ಮಾತು ಬಂದೇ ಬರುತ್ತದೆ. ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೆದ್ದಾರಿಯಿಂದ 500 ಮೀಟರ್ ಎಂದಿತು, 2017ರ ಮಾರ್ಚ್ 31ರಂದು 20 ಸಾವಿರ ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಕಡೆ 220 ಮೀಟರ್ ಎಂದಿತು, ಆಮೇಲೆ ಇನ್ನೂ ಸಡಿಲಿಕೆ ಬಂದು 2018ರಲ್ಲಿ ಪಂಚಾಯಿತಿ ಪ್ರದೇಶಗಳ ವಿಷಯವನ್ನು ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಟ್ಟಿತು. 100 ಮೀಟರಿನ ವಾದವೇ ಬೆನ್ನೆಲುಬು, ಹೆದ್ದಾರಿ ಬೆಂಬಲಕ್ಕೆ.

ಸನ್ನದಿನ ಜಾತಿಯನ್ನೂ ತಿಳಿದುಕೊಳ್ಳಿ. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಸಿಎಲ್-9 ಬಾರ್, ಸಿಎಲ್-7 ವಸತಿಗೃಹ ಇರುವ ಹೋಟೆಲ್. ಎಂಎಸ್‌ಐಎಲ್ (ರಾಜ್ಯ ಸರ್ಕಾರದ ಕಂಪನಿ) ಮಳಿಗೆಗಳದ್ದು ಸಿಎಲ್-11ಸಿ. "ವೈನ್ ಸ್ಟೋರ್ ಬೇಡ" ಎಂದು ನಿರ್ಣಯ ಬರೆದು, ಕಡತದಲ್ಲಿ ಇರುವುದು ಸಿಎಲ್-9 ಆದರೆ, ನಿಮ್ಮ ನಿರ್ಣಯ ಬೇರೆ ಅರ್ಜಿಯ ಬಗ್ಗೆ ಎಂದು ಬದಿಗೆ ಇಡಲು ದಾರಿ ಆಗುತ್ತದೆ. ಅರ್ಜಿಯ ಕಡತ ಸಂಖ್ಯೆ, ಪ್ರಸ್ತಾಪಿತ ಕಟ್ಟಡದ ಖಾತೆ ನಂಬರು, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ನಿರ್ಣಯದಲ್ಲಿ ಬರಲಿ. ಅದಕ್ಕೆ ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದ ಮೀರದಂತೆ. ಉತ್ತರಕ್ಕೆ 30 ದಿನ. ಆದ್ದರಿಂದ ಸಹಿ ಸಂಗ್ರಹ ಶುರು ಮಾಡುವ ದಿನವೇ ಇದನ್ನೂ ಹಾಕಿಬಿಡಿ.

ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30. ಈಗಾಗಲೇ ತೆರೆದಿರುವ ಅಂಗಡಿಯ ವಿರುದ್ಧವಾದರೆ ನವೀಕರಣಕ್ಕೆ ಮುಂಚೆ, ಏಪ್ರಿಲ್-ಮೇ ಒಳಗೆ ಕಾಗದಗಳು ಕಚೇರಿ ಸೇರಿರಬೇಕು. ನಿಮ್ಮದು ಸ್ಥಳಾಂತರ, ಹಾಗಾಗಿ ಕಾಯಬೇಡಿ. ಸಭೆಗೆ ಮೊದಲೇ ಜಿಲ್ಲಾಧಿಕಾರಿಗಳಿಗೆ ಒಂದು ಪುಟದ ಆಕ್ಷೇಪಣೆ ಕೊಟ್ಟು, "ವಿಶೇಷ ಗ್ರಾಮಸಭೆಗೆ ಈ ದಿನಾಂಕದಂದು ಅರ್ಜಿ ಕೊಟ್ಟಿದ್ದೇವೆ, ನಿರ್ಣಯ ಬರುವವರೆಗೆ ಆದೇಶ ಮಾಡಬಾರದು" ಎಂದು ಕೇಳಿ, ಸ್ವೀಕೃತಿಯ ಜೆರಾಕ್ಸ್ ಲಗತ್ತಿಸಿ. ಆದೇಶ ನಿಮ್ಮ ವಿರುದ್ಧ ಬಂದರೆ ಅಬಕಾರಿ ಆಯುಕ್ತರಿಗೆ ಮೇಲ್ಮನವಿ ಇದೆ, ಆಗ ಈ ಆಕ್ಷೇಪಣೆ ಕಡತದಲ್ಲಿ ಇದ್ದದ್ದೇ ಕೆಲಸಕ್ಕೆ ಬರುತ್ತದೆ.

ಕಡೂರು_ಬಯಲು

ಇದೇ ಶೇ. 10 ಸಹಿಯಿಂದ ಕೆಲಸ ಮಾಡದ ಪಂಚಾಯಿತಿ ಸದಸ್ಯರನ್ನು ವಾಪಸ್ ಕರೆಸಬಹುದಾ? ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ಹಾಗೇ, ಚಿಕ್ಕಮಗಳೂರು ಪೇಟೆಯ ಒಳಗೆ ಇರುವವರಿಗೆ ಏನು ದಾರಿ?

ನಡವಳಿಪುಸ್ತಕ

ಆಗುವುದಿಲ್ಲ ಸರ್. ಅಧ್ಯಕ್ಷ, ಉಪಾಧ್ಯಕ್ಷರ ಮೇಲೆ ಅವಿಶ್ವಾಸ ತರುವ ಹಕ್ಕು ಸದಸ್ಯರದ್ದು, ಮತದಾರರದ್ದಲ್ಲ. ಸೂಚನಾಪತ್ರ ಹೋಗುವುದೂ ಉಪವಿಭಾಗಾಧಿಕಾರಿಗಳಿಗೆ. ಮಧ್ಯಪ್ರದೇಶದಲ್ಲಿ ಪುರಸಭೆ ಅಧ್ಯಕ್ಷರನ್ನು ವಾಪಸ್ ಕರೆಸುವ ಮತದಾನ ಇದೆ. ಖಾಲಿ ಕುರ್ಚಿ, ತುಂಬಿದ ಕುರ್ಚಿ ಎಂದು ಎರಡು ಚಿಹ್ನೆ ಇಟ್ಟು ಜನರಿಂದ ಮತ ಹಾಕಿಸುತ್ತಾರೆ. ಆದರೆ ಅಲ್ಲಿಯೂ ಮೊದಲ ಪ್ರಸ್ತಾವಕ್ಕೆ ಸಹಿ ಹಾಕಬೇಕಾದವರು ಮುಕ್ಕಾಲು ಪಾಲು ಚುನಾಯಿತ ಸದಸ್ಯರು, ಜನರಲ್ಲ.

ನಗರಸಭೆಯ ಒಳಗೆ ಗ್ರಾಮಸಭೆ ಇಲ್ಲ, ಶೇ. 10ರ ಹಕ್ಕೂ ಇಲ್ಲ. ಅಲ್ಲಿ ಸಹಿಯ ಹಾಳೆ ಬರೀ ಮನವಿ. ಅಂಥ ಕಡೆ ಅಳತೆಟೇಪು ಅವರು ಹೇಳಿದ ದಾರಿಯೊಂದೇ: ನಿಯಮ 5, ಮಹಜರು, ಜಿಲ್ಲಾಧಿಕಾರಿ.

ಹೇಮಾವತಿ_ತೀರ

ಒಂದು ಸೇರಿಸುತ್ತೇನೆ. ಯುವಕ ಸಂಘದವರು ತಾವೇ ಡಬ್ಬಿ ಇಟ್ಟು ಚೀಟಿ ಹಾಕಿಸುವ ಯೋಚನೆ ಮಾಡುತ್ತಾರೆ. ತಪ್ಪಿಲ್ಲ, ಆದರೆ ಅದನ್ನು "ಚುನಾವಣೆ" ಎಂದು ಕರೆಯಬೇಡಿ, ಸರ್ಕಾರಿ ಮತಪತ್ರದ ನಮೂನೆ ಬಳಸಬೇಡಿ. ಅದಕ್ಕಿಂತ ಉಪಯೋಗ ಕಾನೂನಿನಲ್ಲೇ ಇರುವ ವಾರ್ಡ್ ಸಭೆ ಮತ್ತು 2015ರ ತಿದ್ದುಪಡಿಯಲ್ಲಿ ಬಂದ ಜನವಸತಿ ಸಭೆ. ವಿಶೇಷ ಗ್ರಾಮಸಭೆಗೆ ಮುಂಚೆ ವಾರ್ಡ್ ಸಭೆಗಳಲ್ಲಿ ಇದೇ ವಿಷಯ ಇಟ್ಟು ನಡವಳಿ ಬರೆಸಿ. ವಾರ್ಡ್ ಸಭೆಯ ಕೋರಂ ಹತ್ತನೇ ಒಂದು ಅಥವಾ 20 ಜನ, ಯಾವುದು ಕಡಿಮೆಯೋ ಅದು. ಐದು ವಾರ್ಡಿನ ಐದು ನಡವಳಿ, ಮೇಲೊಂದು ಗ್ರಾಮಸಭೆಯ ನಿರ್ಣಯ ಇದ್ದರೆ, "ಒಂದೇ ಊರಿನ ನಾಲ್ಕು ಜನರ ಗಲಾಟೆ" ಎಂದು ಯಾರೂ ಬರೆಯಲಾಗದು.

ಕಾಫಿತೋಟದ_ಹಾದಿ

ನಾಳೆ ಪಂಚಾಯಿತಿ ಮತದಾರರ ಪಟ್ಟಿ ತರುತ್ತೇವೆ, ಅದೇ ದಿನ ಅಬಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿಯೂ ಹೋಗುತ್ತದೆ. ಒಂದೇ ಕೇಳುವುದು: ಶಾಲೆಗೆ ಎರಡು ಗೇಟು ಇದೆ, ಹಿಂದಿನದು ಮಕ್ಕಳು ಓಡಾಡುವ ಗೇಟು, ಬೋರ್ಡ್ ಇರುವುದು ಮುಂದಿನದಕ್ಕೆ. ಯಾವುದಕ್ಕೆ ಅಳೆಯಬೇಕು?

ಅಳತೆಟೇಪು

ನಿಯಮ ಹೇಳುವುದು ಹತ್ತಿರದ ಗೇಟು ಎಂದು, ಬೋರ್ಡ್ ಇರುವ ಗೇಟು ಎಂದಲ್ಲ. ಎರಡಕ್ಕೂ ಅಳೆದು ಎರಡನ್ನೂ ಬರೆಯಿರಿ. ಹಿಂದಿನ ಗೇಟು ಬಳಕೆಯಲ್ಲಿದೆ ಎಂದು ಮುಖ್ಯ ಶಿಕ್ಷಕರಿಂದ ಅಥವಾ ಶಾಲಾಭಿವೃದ್ಧಿ ಸಮಿತಿಯಿಂದ ಒಂದು ಪತ್ರ ತೆಗೆದುಕೊಳ್ಳಿ, ಬೆಳಿಗ್ಗೆ ಮಕ್ಕಳು ಒಳಗೆ ಹೋಗುವ ಹೊತ್ತಿನ ಫೋಟೊ ದಿನಾಂಕ ಸಮೇತ ಜೋಡಿಸಿ. ಆ ಗೇಟಿಗೆ ಬೀಗ ಹಾಕಿದ ದಿನ ಮಹಜರು ನಡೆಯದಂತೆ ನೋಡಿಕೊಳ್ಳಿ, ಭಾನುವಾರ ಅಳೆಯಲು ಬಂದರೆ ಶಾಲೆಯ ದಿನ ಬನ್ನಿ ಎಂದು ಬರೆದುಕೊಡಿ.